ಮಳೆಸೀಮೆಯ ಮನೆಗಳಲ್ಲಿ ಸೌರವಿದ್ಯುತ್ತಿನ ಸಂಗ್ರಹ: ಸೀಸವೋ, ಲಿಥಿಯಮೋ?

ಕೊಡಚಾದ್ರಿಯ ತಪ್ಪಲಿನಲ್ಲಿಯೂ ಸೌಪರ್ಣಿಕಾ ನದಿಯ ಇಕ್ಕೆಲಗಳಲ್ಲಿಯೂ ಅಡಿಕೆ, ತೆಂಗು, ಗೇರು, ರಬ್ಬರ್ ತೋಟಗಳನ್ನು ಮಾಡಿಕೊಂಡಿರುವ ಒಕ್ಕಲುಗಳಿಗೆ ದೀಪದ ಪ್ರಶ್ನೆಯು ಬೇಸಾಯದ ಪ್ರಶ್ನೆಯಿಂದ ಬೇರೆಯಾದುದಲ್ಲ. ಇರುಳಿನಲ್ಲಿ ತೋಟಕ್ಕೆ ಇಳಿಯುವ ಕಾಡುಹಂದಿ, ಕಾಡುಕೋಣಗಳನ್ನು ತಡೆಯುವ ಸೌರಬೇಲಿಗೆ ವಿದ್ಯುತ್ತು ಬೇಕು. ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವನ್ನು ನೋಡಿಕೊಳ್ಳಲು ಬೆಳಕು ಬೇಕು. ಅಡಿಕೆ ಸುಲಿಯುವ ಕೈಗಳಿಗೂ ಓದುವ ಮಕ್ಕಳಿಗೂ ಅದೇ ಬೇಕು. ಮಳೆಯ ಮುನ್ಸೂಚನೆಯನ್ನೂ ಪೇಟೆಯ ಧಾರಣೆಯನ್ನೂ ತಿಳಿಸುವ ಮೊಬೈಲಿಗೂ ಅದೇ ಬೇಕು. ಆದುದರಿಂದ ಹಗಲಿನಲ್ಲಿ ದೊರೆತ ಸೌರವಿದ್ಯುತ್ತನ್ನು ಇರುಳಿಗಾಗಿ ಯಾವ ಪಾತ್ರೆಯಲ್ಲಿ ತುಂಬಿಡಬೇಕೆಂಬ ವಿಚಾರವು ಬೇಸಾಯಗಾರರು ಲಕ್ಷ್ಯವಿಡತಕ್ಕ ವಿಚಾರವೇ ಆಗಿದೆ.

ಈ ಸೀಮೆಗೆ ವಿದ್ಯುತ್ತು ಬಂದಿಲ್ಲವೆಂದಲ್ಲ. ಕೊಲ್ಲೂರು ಪೇಟೆಯಲ್ಲಿಯೂ ರಸ್ತೆಯ ಬದಿಯ ಗ್ರಾಮಗಳಲ್ಲಿಯೂ ಮಂಗಳೂರು ವಿದ್ಯುತ್ ಸರಬರಾಜು ಕಂಪೆನಿಯ ತಂತಿಗಳಿವೆ. ಇದೇ ಜಿಲ್ಲೆಯ ಹೊಸಂಗಡಿಯಲ್ಲಿ ವರಾಹಿ ನದಿಯ ನೀರಿನಿಂದ ನಡೆಯುವ ೪೬೦ ಮೆಗಾವಾಟ್ ಶಕ್ತಿಯ ಭೂಗರ್ಭ ವಿದ್ಯುದಾಗಾರವೂ ಉಂಟು. ಆದರೆ ೧೯೭೪ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವೆಂದು ಘೋಷಿತವಾಗಿ ಆಮೇಲೆ ವಿಸ್ತರಿಸಲ್ಪಟ್ಟ ಅರಣ್ಯದ ಒಳಗೂ ಅಂಚಿನಲ್ಲಿಯೂ ಒಂದಕ್ಕೊಂದು ದೂರವಾಗಿ ಇರುವ ಮನೆಗಳಿಗೆ ಕಂಬ ನೆಟ್ಟು ತಂತಿ ಎಳೆಯುವುದು ಸುಲಭಸಾಧ್ಯವಲ್ಲ. ೧೯೮೦ರ ಅರಣ್ಯ ಸಂರಕ್ಷಣಾ ಶಾಸನದ ಮೇರೆಗೆ ಅನುಮತಿ ಬೇಕು. ಒಂದೆರಡು ಮನೆಗಳಿಗಾಗಿ ಆಗುವ ಖರ್ಚು ದೊಡ್ಡದು. ಎಳೆದ ತಂತಿಯೂ ಮಳೆಗಾಲದಲ್ಲಿ ಮರ ಬಿದ್ದು ಕಡಿಯುವುದು ಅಪರೂಪವಲ್ಲ. ಇಂಥ ಮನೆಗಳಿಗೆ ಸೂರ್ಯನೇ ಆಧಾರ.

ಈ ಆಧಾರವನ್ನು ಕರಾವಳಿಯವರು ಬಹುಕಾಲದಿಂದ ಬಲ್ಲರು. ಹಂದಟ್ಟು ಮೂಲದ ಡಾ. ಹರೀಶ ಹಂದೆಯವರು ೧೯೯೫ರಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಬಡವರ ಮನೆಗಳಲ್ಲಿಯೂ ಸೌರದೀಪಗಳನ್ನು ಹೊತ್ತಿಸಿತು. ಆ ಕಾರ್ಯಕ್ಕಾಗಿ ಅವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಸಂದಿತು. ೨೦೧೭ರಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಸೌಭಾಗ್ಯ ಯೋಜನೆಯಲ್ಲಿಯೂ ತಂತಿ ಮುಟ್ಟಲಾರದ ಮನೆಗಳಿಗೆ ೨೦೦ರಿಂದ ೩೦೦ ವಾಟ್ ಪ್ಯಾನೆಲ್, ಬ್ಯಾಟರಿ, ಐದು ದೀಪ ಮತ್ತು ಒಂದು ಫ್ಯಾನು ಕೊಡುವ ಏರ್ಪಾಡು ಇತ್ತು. ಹೀಗಾಗಿ ಸೋಲಾರ್ ಪ್ಯಾನೆಲ್ ನಡೆಯುವುದೋ ಇಲ್ಲವೋ ಎಂಬ ಸಂದೇಹವು ಈಗ ಯಾರಿಗೂ ಉಳಿದಿಲ್ಲ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ಮೂರು ನಾಲ್ಕು ವರ್ಷಗಳಿಗೊಮ್ಮೆ ಮನೆಯವರನ್ನು ಕತ್ತಲೆಗೆ ನೂಕುವುದು ಬ್ಯಾಟರಿ.

ಆದಕಾರಣವೇ ಹಳೆಯ ಸೀಸದ ಬ್ಯಾಟರಿಯನ್ನು ಬಿಟ್ಟು ಲಿಥಿಯಂ ಬ್ಯಾಟರಿಗೆ ಹೋಗಬಹುದೇ ಎಂದು ಅನೇಕರು ಈಗ ವಿಚಾರಿಸುತ್ತಿದ್ದಾರೆ. ಇದು ಪೇಟೆಯವರ ಷೋಕಿಯೆಂದು ಕೆಲವರು ಹೇಳುವರು. ಇದೊಂದನ್ನು ತಂದಿಟ್ಟರೆ ಎಲ್ಲ ತೊಂದರೆಗಳೂ ತೀರಿದುವೆಂದು ಮಾರುವವರಲ್ಲಿ ಕೆಲವರು ಹೇಳುವರು. ಎರಡು ಮಾತುಗಳೂ ಸರಿಯಲ್ಲ. ಸತ್ಯಾಂಶವೇನೆಂದರೆ, ಮಳೆಯು ಹೆಚ್ಚಾಗಿರುವ ಈ ಸೀಮೆಗೆ ಲಿಥಿಯಂ ಬ್ಯಾಟರಿಯು ಬಯಲುಸೀಮೆಗಿಂತಲೂ ಹೆಚ್ಚು ಒಪ್ಪುವಂಥದು. ಆದರೆ ಬದಲಾವಣೆಯನ್ನು ಪೂರ್ಣವಾಗಿ ಮಾಡಿದರೆ ಮಾತ್ರ ಲಾಭ, ಅರ್ಧ ಮಾಡಿದರೆ ನಷ್ಟ.

ಸೀಸದ ಬ್ಯಾಟರಿಗೆ ಆಷಾಢವೇ ಶತ್ರು

ಸೀಸದ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬವರು ೧೮೫೯ರಲ್ಲಿ ಕಂಡುಹಿಡಿದರು. ನೂರ ಅರುವತ್ತು ವರ್ಷಗಳಿಗೂ ಮೀರಿ ಜನರ ಸೇವೆಯನ್ನು ಮಾಡಿರುವ ಈ ಸಾಧನವನ್ನು ಹಗುರವಾಗಿ ಕಾಣುವುದು ಯೋಗ್ಯವಲ್ಲ. ಅದರ ಬೆಲೆ ಕಡಮೆ. ಕುಂದಾಪುರ, ಬೈಂದೂರಿನ ಯಾವ ಅಂಗಡಿಯಲ್ಲಿಯೂ ಅದು ದೊರೆಯುವುದು. ರಿಪೇರಿ ಬಲ್ಲವರು ಹತ್ತಿರದಲ್ಲಿಯೇ ಇರುವರು. ಕೆಟ್ಟ ಮೇಲೆ ಅದರ ಸೀಸಕ್ಕೂ ಬೆಲೆ ಬರುವುದು.

ಆದರೆ ಅದಕ್ಕೆ ಒಂದು ಸ್ವಭಾವದೋಷವಿದೆ. ಬ್ಯಾಟರಿಯು ಖಾಲಿಯಾಗುತ್ತ ಹೋದಂತೆ ಗಂಧಕಾಮ್ಲವು ಸೀಸದ ತಗಡುಗಳೊಡನೆ ಕೂಡಿ ಸೀಸದ ಸಲ್ಫೇಟ್ ಎಂಬ ಲವಣವಾಗುತ್ತದೆ. ಪುನಃ ಪೂರ್ಣ ಚಾರ್ಜ್ ಮಾಡಿದರೆ ಆ ಲವಣವು ಕರಗಿ ಮೊದಲಿನ ಸ್ಥಿತಿಯು ಬರುತ್ತದೆ. ಪೂರ್ಣ ಚಾರ್ಜ್ ಆಗದೆ ದಿನಗಟ್ಟಲೆ, ವಾರಗಟ್ಟಲೆ ಉಳಿದರೆ ಅದು ಗಟ್ಟಿ ಹರಳುಗಳಾಗಿ ತಗಡಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಪಾಲು ಮತ್ತೆ ಕೆಲಸಕ್ಕೆ ಬಾರದು. ಇದಲ್ಲದೆ ಚಾರ್ಜಿನ ಕೊನೆಯ ಭಾಗವನ್ನು ಈ ಬ್ಯಾಟರಿಯು ಬಹಳ ನಿಧಾನವಾಗಿ ತೆಗೆದುಕೊಳ್ಳುವುದರಿಂದ ಅದನ್ನು ತುಂಬಿಸಲು ಹಲವು ಗಂಟೆಗಳ ಒಳ್ಳೆಯ ಬಿಸಿಲು ಬೇಕು. ಜೂನಿನಿಂದ ಸಪ್ಟಂಬರಿನ ವರೆಗೆ ಅಂಥ ಬಿಸಿಲು ಕೊಲ್ಲೂರು ಸೀಮೆಯಲ್ಲಿ ಎಷ್ಟು ದಿನ ಇರುವುದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ. ಉಡುಪಿ ಜಿಲ್ಲೆಯ ಸರಾಸರಿ ವಾರ್ಷಿಕ ಮಳೆಯು ಸುಮಾರು ೪,೦೦೦ ಮಿಲಿಮೀಟರ್. ಘಟ್ಟದ ಬುಡದಲ್ಲಿ ಅದಕ್ಕಿಂತಲೂ ಹೆಚ್ಚು.

ಒಂದು ಮನೆಯ ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ೭ ವಾಟಿನ ಆರು ದೀಪಗಳು ದಿನಕ್ಕೆ ೫ ಗಂಟೆ ಉರಿದರೆ ೨೧೦ ವಾಟ್-ಗಂಟೆ, ಟೀವಿಗೆ ೧೫೦, ಮಿಕ್ಸಿಗೆ ೮೦, ಸೌರಬೇಲಿಯ ಯಂತ್ರಕ್ಕೆ ೬೦, ಮೊಬೈಲುಗಳಿಗೆ ೩೦. ಒಟ್ಟು ೫೩೦ ವಾಟ್-ಗಂಟೆ. ಬೇಸಗೆಯಲ್ಲಿ ೩೦ ವಾಟಿನ ಎರಡು ಫ್ಯಾನುಗಳು ೮ ಗಂಟೆ ತಿರುಗಿದರೆ ಇನ್ನೂ ೪೮೦ ಸೇರಿ ಒಂದು ಯೂನಿಟ್ಟಿನಷ್ಟು ಆಗುವುದು. ಮಳೆಗಾಲದಲ್ಲಿ ಫ್ಯಾನನ್ನು ಬಿಟ್ಟು, ಇನ್ವರ್ಟರಿನ ನಷ್ಟಕ್ಕಾಗಿ ಹತ್ತನೆಯ ಒಂದಂಶವನ್ನು ಸೇರಿಸಿದರೆ ದಿನದ ಅವಶ್ಯಕತೆಯು ಸುಮಾರು ೦.೫೮ ಯೂನಿಟ್.

ಆ ಮನೆಯ ಮಾಡಿನ ಮೇಲೆ ೫೦೦ ವಾಟ್ ಪ್ಯಾನೆಲ್ ಇದೆಯೆಂದೂ, ಮೋಡ ಕವಿದು ಮರಗಳ ನೆರಳೂ ಕೂಡಿದ ಆಷಾಢದ ದಿನಗಳಲ್ಲಿ ಒಂದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆಯುವುದೆಂದೂ ಹಿಡಿದರೆ, ತಂತಿ ಮತ್ತು ಚಾರ್ಜರಿನ ನಷ್ಟಗಳು ಕಳೆದು ಬ್ಯಾಟರಿಗೆ ಮುಟ್ಟುವುದು ೦.೬೫ ಯೂನಿಟ್. ಸೀಸದ ಬ್ಯಾಟರಿಯು ತನಗೆ ಕೊಟ್ಟುದರಲ್ಲಿ ನೂರಕ್ಕೆ ೮೦ರಷ್ಟನ್ನು ಹಿಂದಿರುಗಿಸಿದರೆ ಕೈಗೆ ಬರುವುದು ೦.೫೨. ದಿನಕ್ಕೆ ೦.೦೬ ಯೂನಿಟ್ ಕೊರತೆ. ಇದು ಅಲ್ಪವೆಂದು ತೋರಬಹುದು. ಆದರೆ ಒಂದು ತಿಂಗಳಲ್ಲಿ ಈ ಕೊರತೆಯು ೧.೮ ಯೂನಿಟ್ ಆಗುವುದು. ೧೨ ವೋಲ್ಟಿನ ೧೫೦ ಆಂಪಿಯರ್-ಅವರಿನ ಎರಡು ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಹಿಡಿಸುವುದು ೩.೬ ಯೂನಿಟ್, ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಉಪಯೋಗಿಸಬಹುದಾದುದು ಅರ್ಧ, ಎಂದರೆ ಅದೇ ೧.೮. ಹೀಗೆ ಒಂದು ತಿಂಗಳಲ್ಲಿ ಬ್ಯಾಟರಿಯು ಅರ್ಧಕ್ಕೆ ಇಳಿದು, ಬಿಸಿಲು ಕಾಣುವ ವರೆಗೂ ಅಲ್ಲಿಯೇ ಬಿದ್ದಿರುವುದು. ಹೀಗೆ ಮೂರು ನಾಲ್ಕು ಮಳೆಗಾಲಗಳು ಕಳೆದರೆ ತಗಡುಗಳು ಗಟ್ಟಿಯಾಗಿ ಬ್ಯಾಟರಿಯು ಸತ್ತಂತೆಯೇ. ಅದರ ಮೇಲೆ ಏಪ್ರಿಲ್, ಮೇ ತಿಂಗಳುಗಳ ಸೆಕೆಯಲ್ಲಿ ನೀರು ಬೇಗ ಆರುವುದು. ಉಷ್ಣತೆಯು ೧೦ ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ತಜ್ಞರು ಒಪ್ಪಿದ ಮಾತು. ಬ್ಯಾಟರಿಯು ಮೋಸದ್ದೆಂದು ಅಂಗಡಿಯವನನ್ನು ದೂರುವವರು ಋತುವಿನ ಈ ಕಾರಣವನ್ನೂ ಯೋಚಿಸತಕ್ಕದ್ದು.

ಲಿಥಿಯಂ ಬ್ಯಾಟರಿಯ ಗುಣಗಳು

ಲಿಥಿಯಂ ಬ್ಯಾಟರಿ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳಿವೆ. ಮನೆಯ ಸಂಗ್ರಹಕ್ಕೆ ತಕ್ಕುದಾದುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಜಾತಿಯದು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಎಂಬ ವಿಜ್ಞಾನಿಗಳು ೧೯೯೭ರಲ್ಲಿ ಇದರ ವಿಷಯವಾಗಿ ಮೊದಲು ಪ್ರಕಟಿಸಿದರು. ಲಿಥಿಯಂ ಬ್ಯಾಟರಿಗಳಿಗೆ ಸಂಬಂಧಪಟ್ಟ ಸಾಧನೆಗಾಗಿ ಜಾನ್ ಗುಡ್‌ಇನಫ್ ಅವರಿಗೆ ಇನ್ನಿಬ್ಬರೊಡನೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ನಿಕಲ್, ಕೋಬಾಲ್ಟ್ ಇರುವ ಜಾತಿಗಳಿಗಿಂತ ಇದು ಬೆಂಕಿ ಹಿಡಿಯುವ ಸಂಭವ ಕಡಮೆ, ಆಯುಸ್ಸೂ ಹೆಚ್ಚು. ಹಳೆಯ ವಾಹನಗಳಿಂದ ತೆಗೆದ ಬಿಲ್ಲೆಗಳನ್ನು ಕೂಡಿಸಿ ಕಡಮೆ ಬೆಲೆಗೆ ಮಾರುವ ಬ್ಯಾಟರಿಗಳನ್ನು ಕೊಳ್ಳದಿರುವುದೇ ಕ್ಷೇಮ.

ಈ ಜಾತಿಯ ಬ್ಯಾಟರಿಗೆ ಅರ್ಧ ತುಂಬಿದ ಸ್ಥಿತಿಯಿಂದ ಹಾನಿಯಿಲ್ಲ. ಬದಲಾಗಿ ಅದೇ ಅದಕ್ಕೆ ಹಿತ. ಆಷಾಢದಲ್ಲಿ ಹದಿನೈದು ದಿನ ಪೂರ್ಣ ಚಾರ್ಜ್ ಆಗದೆ ಇದ್ದರೂ ಅದರ ಶಕ್ತಿಯು ಕುಂದುವುದಿಲ್ಲ. ಮಳೆಸೀಮೆಯವರು ಇದರ ಕಡೆಗೆ ನೋಡಲು ಇರುವ ಮುಖ್ಯ ಕಾರಣವು ಇದೇ. ಎರಡನೆಯದಾಗಿ, ಅದು ತನಗೆ ಕೊಟ್ಟುದರಲ್ಲಿ ನೂರಕ್ಕೆ ೯೫ರಷ್ಟನ್ನು ಹಿಂದಿರುಗಿಸುತ್ತದೆ. ಮೇಲಿನ ಲೆಕ್ಕದಲ್ಲಿ ೦.೬೫ ಯೂನಿಟ್ಟಿಗೆ ೦.೬೨ ಯೂನಿಟ್ ಕೈಗೆ ಬಂದು, ೦.೫೮ರ ಅವಶ್ಯಕತೆಯು ತೀರಿ ಸ್ವಲ್ಪ ಉಳಿಯುವುದು. ಅದೇ ಪ್ಯಾನೆಲ್, ಅದೇ ಮೋಡ, ಅದೇ ದೀಪಗಳು; ಒಂದರಲ್ಲಿ ದಿನದಿನವೂ ಇಳಿಕೆ, ಇನ್ನೊಂದರಲ್ಲಿ ಸರಿತೂಕ. ಮೂರನೆಯದಾಗಿ, ಮೋಡದ ನಡುವೆ ಒಂದು ಗಂಟೆ ಬಿಸಿಲು ಬಿದ್ದರೂ ಅದು ಚುರುಕಾಗಿ ಹೀರಿಕೊಳ್ಳುತ್ತದೆ. ನಾಲ್ಕನೆಯದಾಗಿ, ಅದರ ನೂರಕ್ಕೆ ೮೦ರಷ್ಟನ್ನು ನಿರ್ಭಯವಾಗಿ ಬಳಸಬಹುದಾದುದರಿಂದ ೨೫.೬ ವೋಲ್ಟಿನ ೧೦೦ ಆಂಪಿಯರ್-ಅವರಿನ ಒಂದೇ ಪೆಟ್ಟಿಗೆಯು ಎರಡು ಯೂನಿಟ್ಟುಗಳನ್ನು ಕೊಡುವುದು. ಎಂದರೆ ಮೇಲೆ ಹೇಳಿದ ಎರಡು ಟ್ಯೂಬ್ಯುಲರ್ ಬ್ಯಾಟರಿಗಳಿಗಿಂತಲೂ ಸ್ವಲ್ಪ ಹೆಚ್ಚು.

ತೂಕದ ವಿಷಯವನ್ನೂ ಮರೆಯಬಾರದು. ನೀರು ತುಂಬಿದ ಒಂದೊಂದು ಟ್ಯೂಬ್ಯುಲರ್ ಬ್ಯಾಟರಿಯೂ ೫೦ ಕಿಲೋಗ್ರಾಮಿಗಿಂತ ಹೆಚ್ಚು ತೂಗುವುದುಂಟು. ಮೇಲಿನ ಲಿಥಿಯಂ ಪೆಟ್ಟಿಗೆಯು ಸುಮಾರು ೨೫ ಕಿಲೋಗ್ರಾಮ್. ರಸ್ತೆಯಿಂದ ಕಾಲುಸಂಕ ದಾಟಿ, ಗುಡ್ಡ ಹತ್ತಿ ಮನೆಯನ್ನು ಸೇರಬೇಕಾದವರಿಗೆ ಈ ವ್ಯತ್ಯಾಸವು ಎಂಥದೆಂಬುದು ಹೊತ್ತವರಿಗೇ ಗೊತ್ತು.

ಅರ್ಧ ಬದಲಾವಣೆಯ ಅಪಾಯ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದರು. ಇಂದು ಆ ಔಷಧವಿಲ್ಲದೆ ಅಡಿಕೆಯ ಬೆಳೆಯನ್ನು ಯೋಚಿಸುವಂತಿಲ್ಲ. ಆದರೆ ಮಳೆ ಹಿಡಿಯುವ ಮೊದಲು ಗೊನೆಗೊನೆಗೂ ತಾಗುವಂತೆ ಹೊಡೆಯದೆ, ತಡವಾಗಿಯೋ ಅರೆಮರೆಯಾಗಿಯೋ ಹೊಡೆದ ತೋಟದಲ್ಲಿ ಕಾಯಿ ಉದುರಿದರೆ ಅದು ಔಷಧದ ದೋಷವಲ್ಲ. ಒಳ್ಳೆಯ ಉಪಾಯವನ್ನು ಅರ್ಧ ಅನುಸರಿಸಿದಲ್ಲಿ ಖರ್ಚೂ ಹೋಗುವುದು, ಉಪಾಯಕ್ಕೂ ಕೆಟ್ಟ ಹೆಸರು ಬರುವುದು. ಲಿಥಿಯಂ ಬ್ಯಾಟರಿಯ ವಿಷಯವೂ ಇಂಥದೇ. ಹಳೆಯ ಬ್ಯಾಟರಿಯನ್ನು ಬಿಚ್ಚಿ ಅದೇ ತಂತಿಗಳಿಗೆ ಹೊಸದನ್ನು ಸಿಕ್ಕಿಸಿ, ಉಳಿದುದನ್ನು ಇದ್ದಂತೆಯೇ ಬಿಡುವುದು ಈಗ ಅಲ್ಲಲ್ಲಿ ಕಾಣುತ್ತಿರುವ ತಪ್ಪು.

ಮೊದಲನೆಯದಾಗಿ ಚಾರ್ಜರ್. ಸೀಸದ ಬ್ಯಾಟರಿಗಾಗಿ ಮಾಡಿದ ಚಾರ್ಜ್ ಕಂಟ್ರೋಲರುಗಳಲ್ಲಿ ಅನೇಕವು ಆಗಾಗ್ಗೆ ವೋಲ್ಟೇಜನ್ನು ಏರಿಸಿ ತಗಡಿನ ಹರಳುಗಳನ್ನು ಒಡೆಯುವ ಈಕ್ವಲೈಸೇಷನ್ ಎಂಬ ಕ್ರಮವನ್ನು ನಡೆಸುತ್ತವೆ. ಸೀಸಕ್ಕೆ ಅದು ಮದ್ದು, ಲಿಥಿಯಂಗೆ ವಿಷ. ನಾಲ್ಕು ಬಿಲ್ಲೆಗಳ ೧೨.೮ ವೋಲ್ಟಿನ ಲಿಥಿಯಂ ಬ್ಯಾಟರಿಗೆ ೧೪.೬ ವೋಲ್ಟೇ ಪರಮಾವಧಿ, ೧೪ರಿಂದ ೧೪.೪ರ ಒಳಗೆ ನಿಲ್ಲಿಸುವುದು ಒಳ್ಳೆಯದು. ಎಂಟು ಬಿಲ್ಲೆಗಳದಕ್ಕೆ ಇದರ ಎರಡರಷ್ಟು. ಉಷ್ಣತೆಗೆ ತಕ್ಕಂತೆ ವೋಲ್ಟೇಜನ್ನು ಏರಿಸಿ ಇಳಿಸುವ ಏರ್ಪಾಡನ್ನೂ ನಿಲ್ಲಿಸತಕ್ಕದ್ದು. ಕಂಟ್ರೋಲರಿನಲ್ಲಿ ಲಿಥಿಯಂಗೆ ಬೇಕಾದ ಅಂಕಗಳನ್ನು ಹಾಕಲು ಅವಕಾಶವಿಲ್ಲದಿದ್ದರೆ ಅದನ್ನೂ ಬದಲಾಯಿಸಬೇಕು. ಇನ್ವರ್ಟರಿಗೂ ಈ ಮಾತು ಅನ್ವಯಿಸುತ್ತದೆ.

ಎರಡನೆಯದಾಗಿ, ಬ್ಯಾಟರಿಯ ಒಳಗೆ ಇರುವ ಬಿ.ಎಂ.ಎಸ್. ಎಂಬ ಕಾವಲು ಯಂತ್ರ. ಒಂದೊಂದು ಬಿಲ್ಲೆಯೂ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಇದು ಕೊನೆಯ ಕಾವಲೇ ಹೊರತು ದಿನನಿತ್ಯದ ಆಳಲ್ಲ. ಚಾರ್ಜರನ್ನು ಸರಿಯಾಗಿ ಹೊಂದಿಸದೆ ಎಲ್ಲವನ್ನೂ ಇದರ ಮೇಲೆಯೇ ಬಿಟ್ಟರೆ, ಒಂದು ದಿನ ಅದು ತಟ್ಟನೆ ಸಂಬಂಧವನ್ನು ಕಡಿದು ಮನೆಯೆಲ್ಲ ಕತ್ತಲಾಗುವುದು. ಆ ಕ್ಷಣದಲ್ಲಿ ಪ್ಯಾನೆಲಿನಿಂದ ಬರುತ್ತಿದ್ದ ವಿದ್ಯುತ್ತು ಹೋಗಲು ಎಡೆಯಿಲ್ಲದೆ ಕಂಟ್ರೋಲರನ್ನೂ ದೀಪಗಳನ್ನೂ ಕೆಡಿಸಬಹುದು.

ಮೂರನೆಯದಾಗಿ ಫ್ಯೂಸ್. ತಂತಿಗಳು ಒಂದಕ್ಕೊಂದು ತಾಗಿದರೆ ಲಿಥಿಯಂ ಬ್ಯಾಟರಿಯಿಂದ ಕ್ಷಣಮಾತ್ರದಲ್ಲಿ ಅಪಾರವಾದ ವಿದ್ಯುತ್ತು ಹರಿಯುವುದು. ಆದುದರಿಂದ ಡಿ.ಸಿ. ವಿದ್ಯುತ್ತಿಗೆಂದೇ ಮಾಡಿದ ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರದಲ್ಲಿ ಹಾಕಲೇಬೇಕು. ಮನೆಯ ಎ.ಸಿ. ವಯರಿಂಗಿನ ಫ್ಯೂಸು ಇದಕ್ಕೆ ಸಾಲದು. ಮುಂಗಾರಿನ ಮೊದಲೂ ಹಿಂಗಾರಿನಲ್ಲಿಯೂ ಈ ಸೀಮೆಯಲ್ಲಿ ಗುಡುಗು ಸಿಡಿಲುಗಳು ಹೆಚ್ಚು. ಕಾವಲು ಯಂತ್ರವು ಸೂಕ್ಷ್ಮವಾದ ವಿದ್ಯುನ್ಮಾನ ಸಾಧನವಾದುದರಿಂದ ಒಳ್ಳೆಯ ಅರ್ಥಿಂಗ್ ಮತ್ತು ಸಿಡಿಲಿನ ರಕ್ಷಕವಿಲ್ಲದೆ ಅದನ್ನು ನಡೆಸುವುದು ಧೈರ್ಯದ ಕೆಲಸವಲ್ಲ, ಅವಿವೇಕದ ಕೆಲಸ.

ನಾಲ್ಕನೆಯದಾಗಿ, ಹಳೆಯದನ್ನೂ ಹೊಸದನ್ನೂ ಒಂದೇ ನೊಗಕ್ಕೆ ಕಟ್ಟಬಾರದು. ಉಳಿದ ಸೀಸದ ಬ್ಯಾಟರಿಯು ಹಾಳಾಗಬಾರದೆಂದು ಅದನ್ನು ಲಿಥಿಯಂನೊಡನೆ ಜೋಡಿಸುವವರಿದ್ದಾರೆ. ಎರಡರ ವೋಲ್ಟೇಜಿನ ನಡತೆಯೇ ಬೇರೆಯಾದುದರಿಂದ ಒಂದು ಇನ್ನೊಂದನ್ನು ಹಿಂಡುವುದು. ಹಳೆಯದರಲ್ಲಿ ಇನ್ನೂ ಜೀವವಿದ್ದರೆ ಅದನ್ನು ಬೇರೆ ಚಾರ್ಜರಿನೊಡನೆ ಬೇಲಿಗೋ ಕೊಟ್ಟಿಗೆಯ ದೀಪಕ್ಕೋ ಪ್ರತ್ಯೇಕವಾಗಿ ಉಪಯೋಗಿಸಬಹುದು.

ಕೊನೆಯದಾಗಿ, ಮನೆಯವರ ಅಭ್ಯಾಸವೂ ಬದಲಾಗಬೇಕು. ಸೀಸದ ಬ್ಯಾಟರಿಯ ವೋಲ್ಟೇಜನ್ನು ನೋಡಿ ಎಷ್ಟು ಉಳಿದಿದೆಯೆಂದು ಅಂದಾಜು ಮಾಡಬಹುದಾಗಿತ್ತು. ಲಿಥಿಯಂನಲ್ಲಿ ವೋಲ್ಟೇಜು ಕೊನೆಯ ವರೆಗೂ ಹೆಚ್ಚು ಕಡಮೆ ಒಂದೇ ಆಗಿದ್ದು ಕಡೆಗೆ ಒಮ್ಮೆಲೇ ಕುಸಿಯುವುದು. ಆದಕಾರಣ ಒಳಗೆ ಹೋದುದನ್ನೂ ಹೊರಗೆ ಬಂದುದನ್ನೂ ಎಣಿಸುವ ಮೀಟರ್ ಇರಬೇಕು. ಸೀಸದ ಬ್ಯಾಟರಿಯನ್ನು ಬಳಸದೆ ಇಡುವಾಗ ತುಂಬಿಸಿ ಇಡತಕ್ಕದ್ದು. ಲಿಥಿಯಂ ಅನ್ನು ಅರ್ಧ ತುಂಬಿಸಿ ಇಡತಕ್ಕದ್ದು. ನೀರು ಹಾಕುವ ಕೆಲಸವು ತಪ್ಪುವುದಾದರೂ ತುದಿಗಳಿಗೆ ತುಕ್ಕು ಹಿಡಿಯದಂತೆ, ಇಲಿಗಳು ತಂತಿಯನ್ನು ಕಡಿಯದಂತೆ, ಸೋರುವ ಮಾಡಿನ ಕೆಳಗೂ ಒಲೆಯ ಹತ್ತಿರವೂ ಇಡದಂತೆ ನೋಡಿಕೊಳ್ಳುವ ಕೆಲಸವು ತಪ್ಪುವುದಿಲ್ಲ.

ಖರ್ಚಿನ ಲೆಕ್ಕ

ಲಿಥಿಯಂ ಬ್ಯಾಟರಿಯ ಮೇಲಿನ ಮುಖ್ಯ ಆಕ್ಷೇಪಣೆಯು ಅದರ ಬೆಲೆ. ಒಮ್ಮೆಗೆ ಕೊಡಬೇಕಾದ ಹಣವು ಹೆಚ್ಚೆಂಬುದು ನಿಜ. ಆದರೆ ಹಸುವನ್ನು ಕೊಳ್ಳುವವನು ಕ್ರಯವನ್ನು ಮಾತ್ರ ನೋಡದೆ ಎಷ್ಟು ಕರು, ಎಷ್ಟು ಹಾಲು ಎಂದು ಕೇಳುವನಷ್ಟೆ. ಬ್ಯಾಟರಿಯನ್ನೂ ಹಾಗೆಯೇ ಕೇಳಬೇಕು. ಅರ್ಧದಷ್ಟು ಬಳಸಿದರೆ ಟ್ಯೂಬ್ಯುಲರ್ ಬ್ಯಾಟರಿಯು ಸುಮಾರು ೧,೫೦೦ ಸಲ ತುಂಬಿ ಖಾಲಿಯಾಗಬಲ್ಲುದೆಂದು ತಯಾರಕರು ಹೇಳುವರು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯು ನೂರಕ್ಕೆ ೮೦ರಷ್ಟು ಬಳಸಿದರೂ ೩,೦೦೦ಕ್ಕೆ ಕಡಮೆಯಿಲ್ಲದಷ್ಟು ಸಲವೆಂದು ಹೇಳುವರು. ಮಳೆಸೀಮೆಯಲ್ಲಿ ಸೀಸದ ಬ್ಯಾಟರಿಗೆ ನಾಲ್ಕು ವರ್ಷ, ಲಿಥಿಯಂಗೆ ಹತ್ತು ವರ್ಷ ಎಂದು ಹಿಡಿದರೆ, ಹತ್ತು ವರ್ಷಗಳಲ್ಲಿ ಸೀಸದ ಎರಡೂವರೆ ಜೊತೆಗಳ ಖರ್ಚು ಬರುವುದು. ಆದುದರಿಂದ ಅಷ್ಟೇ ಕೆಲಸಕ್ಕೆ ಬೇಕಾದ ಲಿಥಿಯಂ ಬ್ಯಾಟರಿಯ ಬೆಲೆಯು, ಹೊಸ ಕಂಟ್ರೋಲರ್ ಮತ್ತು ಫ್ಯೂಸಿನ ಖರ್ಚನ್ನು ಸೇರಿಸಿ, ಸೀಸದ ಒಂದು ಜೊತೆಯ ಬೆಲೆಗಿಂತ ಎರಡೂವರೆ ಪಟ್ಟಿಗೆ ಮೀರದಿದ್ದರೆ ಬದಲಾವಣೆಯಿಂದ ನಷ್ಟವಿಲ್ಲ. ಹೊರುವ ಕೂಲಿ, ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಸೋತಾಗ ಜನರೇಟರಿಗೆ ಸುಡುವ ಎಣ್ಣೆ, ಇವು ಉಳಿತಾಯದ ಕಡೆಗೆ ಸೇರುವುವು. ಹಳೆಯ ಸೀಸದ ಗುಜರಿ ಬೆಲೆ ಮತ್ತು ಸಾಲದ ಬಡ್ಡಿ ಇನ್ನೊಂದು ಕಡೆಗೆ. ಈ ಲೆಕ್ಕವನ್ನು ಅಂದಿನ ಪೇಟೆಯ ಧಾರಣೆಯನ್ನು ವಿಚಾರಿಸಿ ಪ್ರತಿಯೊಬ್ಬರೂ ತಾವೇ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ಎಲ್ಲರೂ ಬದಲಾಯಿಸಬೇಕೆಂದೂ ಅಲ್ಲ. ತಂತಿಯ ವಿದ್ಯುತ್ತು ಇರುವ ಮನೆಯಲ್ಲಿ ಕರೆಂಟು ಹೋದಾಗ ಮಾತ್ರ ನಡೆಯುವ ಇನ್ವರ್ಟರಿನ ಬ್ಯಾಟರಿಯು ಬಹುಪಾಲು ದಿನ ತುಂಬಿಯೇ ಇರುವುದು. ಅಲ್ಲಿ ಸೀಸಕ್ಕೆ ದೋಷವಿಲ್ಲ, ಲಿಥಿಯಂಗೆ ತಕ್ಕ ಕೆಲಸವಿಲ್ಲ. ಎರಡು ಮೂರು ದೀಪಗಳ ಚಿಕ್ಕ ಮನೆಗಳಿಗೂ ಅವಸರವಿಲ್ಲ. ಇರುವ ಬ್ಯಾಟರಿಯು ಚೆನ್ನಾಗಿ ನಡೆಯುತ್ತಿರುವಾಗ ಅದನ್ನು ಎಸೆದು ಹೊಸದನ್ನು ತರುವುದೂ ಮಿತವ್ಯಯವಲ್ಲ; ಅದರ ಆಯುಸ್ಸು ತೀರಿದಾಗ ಬದಲಾಯಿಸುವುದೇ ಸಮಯ. ಆ ಸಮಯವು ಹೆಚ್ಚಾಗಿ ಮಳೆಗಾಲದ ನಡುವೆಯೇ ಬರುವುದರಿಂದ ಮೇ ತಿಂಗಳ ಒಳಗಾಗಿ ಪರೀಕ್ಷಿಸಿ ನಿರ್ಣಯಿಸತಕ್ಕದ್ದು.

ಬ್ಯಾಟರಿಯು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ

ಕಣಜವು ದೊಡ್ಡದಾದ ಮಾತ್ರಕ್ಕೆ ಗದ್ದೆಯಲ್ಲಿ ಭತ್ತವು ಹೆಚ್ಚುವುದಿಲ್ಲ. ಮಳೆಗಾಲದ ಕತ್ತಲೆಗೆ ಹೆದರಿ ಎರಡು ಮೂರು ಲಿಥಿಯಂ ಪೆಟ್ಟಿಗೆಗಳನ್ನು ಕೊಂಡರೂ ಅವನ್ನು ತುಂಬುವ ಬಿಸಿಲಿಲ್ಲದಿದ್ದರೆ ಅವು ಬರಿಯ ಪೆಟ್ಟಿಗೆಗಳೇ. ಕೈಯಲ್ಲಿ ಮಿತವಾದ ಹಣವಿರುವವರು ಮೊದಲು ದೀಪ, ಫ್ಯಾನುಗಳನ್ನು ಕಡಮೆ ವಾಟಿನವುಗಳಾಗಿ ಬದಲಾಯಿಸಬೇಕು; ಆಮೇಲೆ, ಪ್ಯಾನೆಲಿನ ಬೆಲೆಯು ಹಿಂದಿಗಿಂತ ಬಹಳ ಇಳಿದಿರುವುದರಿಂದ, ಒಂದೆರಡು ಪ್ಯಾನೆಲುಗಳನ್ನು ಹೆಚ್ಚಿಸಬೇಕು; ಆ ಬಳಿಕ ಬ್ಯಾಟರಿಯ ವಿಚಾರ. ಪ್ಯಾನೆಲಿಗೆ ನೆರಳು ಬೀಳಿಸುವ ಕೊಂಬೆಯನ್ನು ಮಳೆಗಾಲಕ್ಕೆ ಮುಂಚೆ ಸವರುವುದರಿಂದ ಖರ್ಚಿಲ್ಲದೆಯೇ ಲಾಭವಾಗುವುದು.

ತೋಡಿನಲ್ಲಿ ನೀರು ಧುಮುಕುವ ಜಾಗಗಳು ಈ ತಪ್ಪಲಿನಲ್ಲಿ ಉಂಟು. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಒಂದು ಕಿಲೋವಾಟಿನ ಕಿರುಜಲವಿದ್ಯುತ್ ಯಂತ್ರಗಳು ನಡೆಯುತ್ತಿವೆ. ಸೂರ್ಯನು ಮರೆಯಾದ ತಿಂಗಳುಗಳಲ್ಲಿಯೇ ತೋಡು ತುಂಬಿ ಹರಿಯುವುದು. ತೋಡು ಬತ್ತಿದ ಮೇಲೆ ಸೂರ್ಯನು ಬೆಳಗುವನು. ಇಂಥ ಅನುಕೂಲವಿರುವ ಮನೆಯವರು ಇವೆರಡನ್ನೂ ಕೂಡಿಸಿಕೊಂಡರೆ ಚಿಕ್ಕ ಬ್ಯಾಟರಿಯೇ ಸಾಕಾಗುವುದು.

ತೋಟಕ್ಕೆ ನೀರೆತ್ತುವ ಪಂಪನ್ನು ಬ್ಯಾಟರಿಯಿಂದ ನಡೆಸುವ ಯೋಚನೆಯನ್ನು ಬಿಡತಕ್ಕದ್ದು. ಹಗಲಿನಲ್ಲಿ ಪ್ಯಾನೆಲಿನಿಂದ ನೇರವಾಗಿ ಪಂಪನ್ನು ನಡೆಸಿ ಎತ್ತರದ ತೊಟ್ಟಿಯಲ್ಲಿ ನೀರನ್ನು ತುಂಬಿಟ್ಟರೆ ಆ ತೊಟ್ಟಿಯೇ ಅತ್ಯಂತ ಅಗ್ಗವಾದ ಸಂಗ್ರಹ. ೨೦೧೯ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಸಹಾಯಧನ ಪಡೆದ ಸೌರಪಂಪುಗಳೂ ಇದೇ ತತ್ತ್ವದ ಮೇಲೆ ನಡೆಯುವಂಥವು.

ಸಹಕಾರ ಸಂಘಗಳ ಕರ್ತವ್ಯ

ಇಷ್ಟೆಲ್ಲವನ್ನೂ ಒಕ್ಕಲಿನವನೊಬ್ಬನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅಗ್ಗದ ಬ್ಯಾಟರಿಯನ್ನು ಕೊಳ್ಳುವವನು ಅವಿವೇಕದಿಂದ ಕೊಳ್ಳುವುದಿಲ್ಲ. ಕೈಯಲ್ಲಿ ಅಷ್ಟೇ ಹಣವಿರುವುದರ ದೆಸೆಯಿಂದ ಕೊಳ್ಳುವನು. ಹತ್ತು ವರ್ಷ ಬಾಳುವ ವಸ್ತುವನ್ನು ಒಂದು ವರ್ಷದ ಆದಾಯದಲ್ಲಿ ಕೊಳ್ಳೆಂದರೆ ಅವನು ನಾಲ್ಕು ವರ್ಷ ಬಾಳುವುದನ್ನೇ ತರುವನು. ಸೌರದೀಪವು ಈ ಜಿಲ್ಲೆಯಲ್ಲಿ ಹರಡಿದುದು ಬ್ಯಾಂಕುಗಳು ಕಂತಿನ ಸಾಲ ಕೊಟ್ಟುದರಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಬ್ಯಾಟರಿ, ಕಂಟ್ರೋಲರ್, ಫ್ಯೂಸ್, ಮೀಟರ್, ಅರ್ಥಿಂಗ್ ಇವೆಲ್ಲವನ್ನೂ ಸೇರಿಸಿ ಒಂದೇ ಅಂದಾಜುಪಟ್ಟಿಯ ಮೇಲೆ ಸಾಲ ಕೊಡುವುದೂ, ಅಡಿಕೆ ಮತ್ತು ಗೇರಿನ ಹಣ ಕೈಸೇರುವ ತಿಂಗಳುಗಳಿಗೆ ಕಂತುಗಳನ್ನು ಇಡುವುದೂ ಉಚಿತ. ಬ್ಯಾಟರಿಗೆ ಮಾತ್ರ ಸಾಲ, ಉಳಿದುದಕ್ಕೆ ಇಲ್ಲವೆಂಬ ಪದ್ಧತಿಯಿಂದ ಅರ್ಧ ಬದಲಾವಣೆಗಳೇ ಹೆಚ್ಚುವುವು. ಸಾಲದ ವಸೂಲಿಗೂ ತೊಂದರೆ.

ಸಾಲ ಕೊಡುವವರು ಲಿಖಿತವಾದ ವಾರಂಟಿಯನ್ನೂ ರಶೀದಿಯನ್ನೂ ಬಿಲ್ಲೆಗಳ ಜಾತಿಯ ಹೆಸರನ್ನೂ ಕೇಳಿ ಪಡೆಯಬೇಕು. ಲಿಥಿಯಂ ಬ್ಯಾಟರಿಯು ಕೆಟ್ಟರೆ ಹತ್ತಿರದ ಪೇಟೆಯಲ್ಲಿ ಬಿಚ್ಚಿ ನೋಡಬಲ್ಲವರು ಇನ್ನೂ ವಿರಳವೆಂಬ ಆಕ್ಷೇಪಣೆಯು ಸರಿಯಾದುದೇ. ಇದಕ್ಕೆ ಪರಿಹಾರವು ಹಿಂದಿನದಕ್ಕೆ ಅಂಟಿಕೊಂಡಿರುವುದಲ್ಲ, ಐ.ಟಿ.ಐ. ಕಲಿತ ಇಲ್ಲಿಯ ತರುಣರಿಗೆ ಈ ಕೆಲಸದಲ್ಲಿ ತರಬೇತಿಯನ್ನು ಕೊಡುವುದು. ಅಲ್ಲಿಯ ವರೆಗೆ, ಮಳೆಗಾಲದಲ್ಲಿಯೂ ಮನೆಗೆ ಬಂದು ನೋಡುವೆವೆಂದು ಒಪ್ಪುವ ವ್ಯಾಪಾರಿಯಿಂದಲೇ ಕೊಳ್ಳುವುದು ಲೇಸು. ಮನೆಯಲ್ಲಿ ಒಂದು ಚಿಕ್ಕ ಸೌರಲಾಂದ್ರವನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿರುವುದೂ ಜಾಣತನ.

ಹಳೆಯ ಬ್ಯಾಟರಿಯ ವಿಷಯವಾಗಿ ಒಂದು ಮಾತು. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆಯು ತಯಾರಕರದು. ಸೀಸವನ್ನೂ ಲಿಥಿಯಂ ಅನ್ನೂ ವ್ಯಾಪಾರಿಗೆ ಒಪ್ಪಿಸಿ ರಶೀದಿ ಪಡೆಯತಕ್ಕದ್ದು. ಆಮ್ಲವನ್ನು ತೋಟದ ಬದುವಿನಲ್ಲಿ ಚೆಲ್ಲಿದರೆ ಅದರಲ್ಲಿ ಕರಗಿದ ಸೀಸವು ಬಾವಿಯನ್ನೂ ತೋಡನ್ನೂ ಸೇರುವುದು. ಇಲ್ಲಿಯ ತೋಡುಗಳೆಲ್ಲ ಸೌಪರ್ಣಿಕೆಯನ್ನು ಸೇರುವುವು. ಆ ನದಿಯಲ್ಲಿ ಮೀಯಲು ದೂರದೂರದಿಂದ ಯಾತ್ರಿಕರು ಬರುವರು; ಕೆಳಗಿನ ಗ್ರಾಮಗಳವರು ಅದರ ನೀರಿನಿಂದಲೇ ಬಾಳುವರು.

ಮೇಲೆ ಹೇಳಿದುದರ ಸಾರಾಂಶವಿಷ್ಟು: ತಂತಿಯಿಲ್ಲದ ತಪ್ಪಲಿನ ಮನೆಗಳಲ್ಲಿ ಸೀಸದ ಬ್ಯಾಟರಿಯು ಸಾಯುವುದು ಮಳೆಗಾಲದ ಅರೆಚಾರ್ಜಿನಿಂದ, ಲಿಥಿಯಂ ಬ್ಯಾಟರಿಯು ಆ ಕಷ್ಟವನ್ನು ತಡೆದುಕೊಳ್ಳುವುದು. ಆದುದರಿಂದ ಹಳೆಯದು ತೀರಿದಾಗ ಬದಲಾಯಿಸುವುದು ಯುಕ್ತ. ಬದಲಾಯಿಸುವುದಾದರೆ ಚಾರ್ಜರಿನಿಂದ ಫ್ಯೂಸಿನ ವರೆಗೆ ಎಲ್ಲವನ್ನೂ ಕೂಡಿಯೇ ಬದಲಾಯಿಸತಕ್ಕದ್ದು. ಪೂರ್ತಿಗೆ ಹಣ ಸಾಲದ ವರ್ಷ, ಅರ್ಧ ಲಿಥಿಯಂಗಿಂತ ಒಳ್ಳೆಯ ಸೀಸದ ಬ್ಯಾಟರಿಯೇ ಮೇಲು; ಅದರೊಡನೆ ಒಂದು ಪ್ಯಾನೆಲನ್ನು ಹೆಚ್ಚಾಗಿ ಹಾಕಿಕೊಂಡು, ನೀರು ಹಾಕುವುದನ್ನು ತಪ್ಪಿಸದೆ, ಮುಂದಿನ ಫಸಲಿನ ವರೆಗೆ ಕಾಯುವುದರಲ್ಲಿ ಅವಮಾನವೇನೂ ಇಲ್ಲ.